ಮನೆಯಲ್ಲೇ ಟಿವಿ ರೆಕಾರ್ಡಿಂಗ್ ಸರ್ವರ್: ಹುಬ್ಬಳ್ಳಿ-ಧಾರವಾಡದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯಲ್ಲಿ ಟಿವಿ ಪಕ್ಕದ ಕಪಾಟಿನೊಳಗೆ ಒಂದು ಹಳೆಯ ಲ್ಯಾಪ್‌ಟಾಪ್ ಹಗಲು ರಾತ್ರಿ ಓಡುತ್ತಿರುತ್ತದೆ. ಮಾಳಿಗೆ ಮೇಲಿನ ಡಿಶ್‌ನಿಂದ ಬರುವ ಕಾರ್ಯಕ್ರಮಗಳನ್ನು ಅದು ರೆಕಾರ್ಡ್ ಮಾಡಿ ಇಡುತ್ತದೆ. ಮನೆಯ ಟಿವಿಗೂ ಮೊಬೈಲ್‌ಗಳಿಗೂ ಲೈವ್ ಆಗಿ ಕಳಿಸುತ್ತದೆ. ಇದನ್ನು ನೋಡಿ ಹೋದ ನೆಂಟರು, ಗೆಳೆಯರು ಆಮೇಲೆ ಹುಬ್ಬಳ್ಳಿಯಿಂದ, ಗದಗದಿಂದ, ಹಾವೇರಿಯಿಂದ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚು ಕಡಿಮೆ ಅದೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲರೂ ಹೆದರುವುದು ಸಾಫ್ಟ್‌ವೇರ್‌ಗೆ. ಅದು ಒಂದು ಭಾನುವಾರದ ಕೆಲಸ. ನಿಜವಾಗಿ ಕಾಡುವುದು ಮಾಳಿಗೆ, ಕೇಬಲ್ ಮತ್ತು ಕರೆಂಟ್. ಈ ಮೂರನ್ನು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗಿಯೇ ನಡೆಯುತ್ತದೆ.

ಮೊಬೈಲ್‌ನಲ್ಲೇ ಎಲ್ಲಾ ಸಿಗುತ್ತದೆ ಅಲ್ವಾ? ಇದ್ಯಾಕೆ ಬೇಕು?

ಬಹಳಷ್ಟು ಸಿಗುತ್ತದೆ, ನಿಜ. ಪ್ರಸಾರ ಭಾರತಿಯೇ 2024ರ ನವೆಂಬರ್‌ನಲ್ಲಿ ವೇವ್ಸ್ ಆ್ಯಪ್ ತಂದಿದೆ. ಯೂಟ್ಯೂಬ್‌ನಲ್ಲೂ ಚಂದನದ ಎಷ್ಟೋ ಕಾರ್ಯಕ್ರಮಗಳಿವೆ. ಆದರೆ ಎಲ್ಲವೂ ಇರುವುದಿಲ್ಲ, ಇದ್ದದ್ದೂ ಎಷ್ಟು ದಿನ ಇರುತ್ತದೆ ಎಂಬ ಖಾತ್ರಿ ಇಲ್ಲ.

ನಾನು ಇದನ್ನು ಮಾಡಿದ್ದು ನಮ್ಮ ಅವ್ವನಿಗಾಗಿ. ಅವಳಿಗೆ ಹಿಂದೂಸ್ತಾನಿ ಸಂಗೀತ ಅಂದರೆ ಪ್ರಾಣ. ಈ ಊರಲ್ಲಿ ಅದು ಹೊಸ ಮಾತೇನಲ್ಲ. ಚಂದನದಲ್ಲಿ ಹಳೆಯ ಗಾಯಕರ ಕಛೇರಿ ಹಾಕಿದಾಗ ಅವಳು ಒಲೆಯ ಮುಂದೆ ಇರುತ್ತಿದ್ದಳು, ಇಲ್ಲವೇ ಕರೆಂಟ್ ಹೋಗಿರುತ್ತಿತ್ತು. "ಇವತ್ತೂ ಹೋತು ನೋಡು" ಅನ್ನುವಳು, ಮತ್ತೆ ಕೆಲಸಕ್ಕೆ ತಿರುಗುವಳು. ಈಗ ಮಧ್ಯಾಹ್ನ ಊಟ ಆದ ಮೇಲೆ ಕುಳಿತು, ಬೇಕಾದಲ್ಲಿ ನಿಲ್ಲಿಸಿ, ಇಷ್ಟವಾದ ತಾನವನ್ನು ಎರಡೆರಡು ಸಲ ಕೇಳುತ್ತಾಳೆ. ಅಷ್ಟು ಸಾಕು ನನಗೆ.

ಯಾವ ಚಾನೆಲ್‌ಗಳನ್ನು ರೆಕಾರ್ಡ್ ಮಾಡಬಹುದು?

ಬೀಗ, ಅಂದರೆ ಎನ್‌ಕ್ರಿಪ್ಷನ್, ಇಲ್ಲದೆ ಬರುವ ಚಾನೆಲ್‌ಗಳನ್ನು ಮಾತ್ರ. ನಮ್ಮ ಕಡೆ ಅಂದರೆ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು, ತಿಂಗಳ ಬಾಡಿಗೆ ಇಲ್ಲ. ಡಿಡಿ ಚಂದನ, ದೂರದರ್ಶನದ ಉಳಿದ ಚಾನೆಲ್‌ಗಳು, ಕೆಲವು ಖಾಸಗಿ ಚಾನೆಲ್‌ಗಳು, ಆಕಾಶವಾಣಿಯ ರೇಡಿಯೊ ಚಾನೆಲ್‌ಗಳು ಇದರಲ್ಲಿ ಬರುತ್ತವೆ. ರಾಷ್ಟ್ರೀಯ ಮಹತ್ವದ ಕ್ರಿಕೆಟ್ ಪಂದ್ಯಗಳ ಸಿಗ್ನಲ್ ಅನ್ನು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ಹಾಗಾಗಿ ಅಂಥ ಪಂದ್ಯಗಳೂ ಡಿಡಿ ಸ್ಪೋರ್ಟ್ಸ್‌ನಲ್ಲಿ ಸಿಗುತ್ತವೆ.

ನಮ್ಮದು ದುಡ್ಡು ಕಟ್ಟುವ ಡಿಟಿಎಚ್. ಅದನ್ನು ಸರ್ವರ್‌ಗೆ ಜೋಡಿಸಬಹುದಾ?

ಆಗುವುದಿಲ್ಲ. ಆ ಚಾನೆಲ್‌ಗಳು ಬೀಗ ಹಾಕಿಕೊಂಡೇ ಬರುತ್ತವೆ, ಬೀಗದ ಕೈ ಅವರ ಸೆಟ್‌ಟಾಪ್ ಬಾಕ್ಸ್‌ನಲ್ಲೇ ಇರುತ್ತದೆ. ಟ್ಯೂನರ್ ಕಾರ್ಡ್ (ಡಿಶ್ ಸಿಗ್ನಲ್ ಅನ್ನು ಕಂಪ್ಯೂಟರ್‌ಗೆ ತರುವ ಸಾಧನ) ಹಾಕಿದರೆ ಚಾನೆಲ್ ಹೆಸರು ಕಾಣಬಹುದು, ಚಿತ್ರ ಬರುವುದಿಲ್ಲ. ಬಾಕ್ಸ್‌ನ ಎಚ್‌ಡಿಎಂಐ ವೈರನ್ನು ಕ್ಯಾಪ್ಚರ್ ಕಾರ್ಡ್‌ಗೆ ಹಾಕಿದರೂ ಎಚ್‌ಡಿಸಿಪಿ ಎಂಬ ಇನ್ನೊಂದು ಬೀಗ ಅಡ್ಡ ಬರುತ್ತದೆ, ಪರದೆ ಕಪ್ಪಗೆ ಇರುತ್ತದೆ. ಬೀಗ ಮುರಿಯುವ ಸಾಫ್ಟ್‌ವೇರ್, ಒಂದೇ ಡಿಟಿಎಚ್ ಕಾರ್ಡ್ ಹತ್ತು ಮನೆಗೆ ಹಂಚುವ ಉಪಾಯ ಇವೆಲ್ಲ ಇವೆ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅಂಥ ಚಾನೆಲ್ ರೆಕಾರ್ಡ್ ಬೇಕೇ ಬೇಕು ಅಂದರೆ ಆ ಕಂಪನಿಯವರದೇ ರೆಕಾರ್ಡಿಂಗ್ ಬಾಕ್ಸ್ ತೆಗೆದುಕೊಳ್ಳಿ.

ರೆಕಾರ್ಡ್ ಮಾಡುವುದು ಕಾನೂನಿಗೆ ಸರಿಯಾ?

ಸ್ವಂತಕ್ಕಾದರೆ ಸರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಇದನ್ನು ನೇರವಾಗಿಯೇ ಹೇಳುತ್ತದೆ: ತನ್ನ ಖಾಸಗಿ ಬಳಕೆಗೆ, ಅಥವಾ ಪಾಠ ಮತ್ತು ಸಂಶೋಧನೆಗೆ ಮಾಡಿಕೊಂಡ ರೆಕಾರ್ಡಿಂಗ್‌ನಿಂದ ಪ್ರಸಾರಕರ ಹಕ್ಕಿಗೆ ಧಕ್ಕೆ ಆಗುವುದಿಲ್ಲ. ಬೀಗ ಮುರಿಯುವುದು ಮಾತ್ರ ಬೇರೆ ವಿಷಯ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ ಅದನ್ನು ಅಪರಾಧ ಮಾಡಿದೆ. ರೆಕಾರ್ಡ್ ಮಾಡಿದ್ದನ್ನು ಯೂಟ್ಯೂಬ್‌ಗೆ ಏರಿಸುವುದು, ಪೆನ್‌ಡ್ರೈವ್‌ನಲ್ಲಿ ಹಾಕಿ ಮಾರುವುದು ಖಾಸಗಿ ಬಳಕೆ ಅಲ್ಲ.

ಡಿಶ್ ಯಾವ ಕಡೆ ತಿರುಗಿರಬೇಕು?

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಹುಬ್ಬಳ್ಳಿಯಿಂದ ಲೆಕ್ಕ ಹಾಕಿದರೆ ಉತ್ತರದಿಂದ ಬಲಕ್ಕೆ ಸುಮಾರು 128 ಡಿಗ್ರಿ, ನೆಲದಿಂದ ಮೇಲಕ್ಕೆ ಸುಮಾರು 62 ಡಿಗ್ರಿ. ಸುಲಭವಾಗಿ ಹೇಳಬೇಕೆಂದರೆ ಆಗ್ನೇಯ. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆ ಇರುವ ಮೂಲೆಯ ಕಡೆಗೆ ನಿಂತು, ಸ್ವಲ್ಪ ಪೂರ್ವಕ್ಕೆ ವಾಲಿ, ತಲೆ ಚೆನ್ನಾಗಿ ಮೇಲೆತ್ತಿ ನೋಡಿ. ಉಪಗ್ರಹ ಇರುವುದು ಅಲ್ಲಿ. ಧಾರವಾಡ, ಗದಗ, ಹಾವೇರಿಗೂ ಇದೇ ಲೆಕ್ಕ, ಒಂದು ಡಿಗ್ರಿ ಆಚೀಚೆ ಅಷ್ಟೇ.

ಮನೆಗೆ ಹಾಕುವ ಸಾದಾ ಡಿಶ್ (ಆಫ್‌ಸೆಟ್ ಡಿಶ್) ನೋಡಲು ಅಷ್ಟು ಮೇಲೆ ಮುಖ ಮಾಡಿದಂತೆ ಕಾಣುವುದಿಲ್ಲ, ಅದಕ್ಕೆ ಗಾಬರಿ ಬೇಡ. ಹಿಂದಿನ ಬ್ರ್ಯಾಕೆಟ್ ಮೇಲಿನ ಅಳತೆ ನೋಡಿ ಕೂರಿಸಿ. ಆಮೇಲೆ ಒಬ್ಬರು ಮಾಳಿಗೆ ಮೇಲೆ, ಒಬ್ಬರು ಕೆಳಗೆ ಪರದೆಯ ಮುಂದೆ ನಿಂತು ಫೋನ್‌ನಲ್ಲಿ ಮಾತಾಡುತ್ತಾ ಬೆರಳಿನಷ್ಟು ಬೆರಳಿನಷ್ಟು ಸರಿಸಿ. ಎಲ್‌ಎನ್‌ಬಿಯನ್ನೂ, ಅಂದರೆ ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗವನ್ನೂ, ಅದರ ಹಿಡಿಕೆಯಲ್ಲಿ ನಿಧಾನವಾಗಿ ತಿರುಗಿಸಿ ನೋಡಬೇಕು. ಡಿಶ್ ದಿಕ್ಕು ಸರಿ ಇದ್ದು ಎಲ್‌ಎನ್‌ಬಿ ತಪ್ಪು ಕಡೆ ವಾಲಿದ್ದರೆ ಏನೂ ಬರುವುದಿಲ್ಲ, ನೀವು ಡಿಶ್‌ನ್ನೇ ಬೈಯುತ್ತಾ ಕೂರುತ್ತೀರಿ. ನೋಡಬೇಕಾದ್ದು ಸಿಗ್ನಲ್ ಶಕ್ತಿಯನ್ನಲ್ಲ, ಗುಣಮಟ್ಟವನ್ನು, ಅಂದರೆ ಎಸ್‌ಎನ್‌ಆರ್ ಸಂಖ್ಯೆಯನ್ನು.

ಕಂಬವನ್ನು ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಹಾಕಿಸಿ. ನಮ್ಮ ಧಾರವಾಡದ ಮಂಗಗಳು ಡಿಶ್‌ಗೆ ಜೋತು ಬಿದ್ದು ಆಡುತ್ತವೆ. ಎರಡು ಸಲ ಹೊಸದಾಗಿ ಕೂರಿಸಿದ ಮೇಲೆ ನಾವು ಎರಡು ಕಡೆ ಕಬ್ಬಿಣದ ಪಟ್ಟಿ ಕಟ್ಟಿಸಿದೆವು. ಆಮೇಲೆ ಅಲುಗಾಡಿಲ್ಲ.

ಮಳೆ ಬಂದರೆ ರೆಕಾರ್ಡಿಂಗ್ ಕೆಡುತ್ತದಾ?

ಜೋರು ಮಳೆಗೆ ಸ್ವಲ್ಪ ಹೊತ್ತು ಕೆಡುತ್ತದೆ. ಇದು ಕೆಯು ಬ್ಯಾಂಡ್ ಸಿಗ್ನಲ್, ದಟ್ಟ ಮಳೆಹನಿ ಅದನ್ನು ಹೀರುತ್ತದೆ. 60 ಸೆಂಟಿಮೀಟರ್ ಡಿಶ್ ಬದಲು 90 ಸೆಂಟಿಮೀಟರ್‌ನದು ಹಾಕಿದರೆ ಕೆಡುವ ಹೊತ್ತು ತುಂಬಾ ಕಡಿಮೆ ಆಗುತ್ತದೆ. ದಿನವಿಡೀ ಜಿನುಗುವ ಸೋನೆ ಮಳೆಗೆ ಏನೂ ಆಗಬಾರದು.

ಆದರೆ ಮಳೆ ನಿಂತ ಮೇಲೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ ತಪ್ಪು ಆಕಾಶದ್ದಲ್ಲ, ಕನೆಕ್ಟರ್‌ದು. ಒಂದು ಜುಲೈನಲ್ಲಿ ನಮ್ಮದು ಹಾಗೇ ಆಯಿತು. ನಾಲ್ಕು ದಿನ ಸಾಫ್ಟ್‌ವೇರ್ ಸೆಟ್ಟಿಂಗ್ ತಡಕಾಡಿದೆ. ಐದನೇ ದಿನ ಮಾಳಿಗೆ ಹತ್ತಿ ಎಲ್‌ಎನ್‌ಬಿಯ ತಿರುಪು ಬಿಚ್ಚಿದರೆ ಒಳಗಿನಿಂದ ಒಂದು ಹನಿ ನೀರು ಜಾರಿ ಅಂಗೈ ಮೇಲೆ ಬಿತ್ತು. ನಡುವಿನ ತಾಮ್ರದ ತಂತಿ ಹಸಿರುಗಟ್ಟಿತ್ತು. ಸುತ್ತಲಿನ ಜಾಲರಿ ಕಪ್ಪಾಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತಿತ್ತು. ನೀರು ಕೇಬಲ್ ಒಳಗೆ ಒಂದು ಮೊಳ ಇಳಿದಿತ್ತು. ಅಷ್ಟನ್ನು ಕತ್ತರಿಸಿ ತೆಗೆದು ಹೊಸ ಕನೆಕ್ಟರ್ ಹಾಕಿದೆ, ಅರ್ಧ ಗಂಟೆಯಲ್ಲಿ ಚಿತ್ರ ಕನ್ನಡಿ ಹಾಗೆ ಬಂತು.

ಅದಕ್ಕೇ ಮುಂಗಾರಿಗೆ ಮೊದಲು ಇಷ್ಟು ಮಾಡಿ. ಒಳ್ಳೆಯ ಆರ್‌ಜಿ-6 ಕೇಬಲ್ ಬಳಸಿ. ಕನೆಕ್ಟರ್ ಸುತ್ತ ಎಳೆದು ಸುತ್ತುವ ರಬ್ಬರ್ ಟೇಪ್ ಹಾಕಿ. ಸಾದಾ ಇನ್ಸುಲೇಷನ್ ಟೇಪ್ ಒಂದು ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. ಕೇಬಲ್ ಎಲ್‌ಎನ್‌ಬಿಗೆ ಸೇರುವ ಮುನ್ನ ಕೆಳಗೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಮನೆಯೊಳಗೆ ಬರುವ ಕಡೆಯೂ ಹಾಗೇ ಮಾಡಿ.

ಗುಡುಗು ಸಿಡಿಲು ಬಂದಾಗ?

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗಳಲ್ಲಿ ಸಿಡಿಲು ಜಾಸ್ತಿ. ಡಿಶ್‌ನ ಕಂಬಕ್ಕೆ ಅರ್ಥಿಂಗ್ ಕೊಡಿಸಿ, ಅದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ. ಮೋಡ ಕಟ್ಟುವಾಗಲೇ ಕೇಬಲ್ ಬಿಚ್ಚಿ ದೂರ ಇಡಿ, ಸಿಡಿಲು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ. ಆ ದಿನದ ರೆಕಾರ್ಡಿಂಗ್ ಹೋದರೆ ಹೋಗಲಿ.

ಯಾವ ಟ್ಯೂನರ್ ತೆಗೆದುಕೊಳ್ಳಬೇಕು?

ಡಿವಿಬಿ-ಎಸ್2 (ಉಪಗ್ರಹ ಪ್ರಸಾರ ಹಿಡಿಯುವ ಬಗೆ) ಎಂದು ಬರೆದಿರಬೇಕು. ಸರ್ವರ್ ಓಡುವುದು ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಮೇಲೆ, ಹಾಗಾಗಿ ಲಿನಕ್ಸ್ ಡ್ರೈವರ್ ಇರಬೇಕು. ಟಿಬಿಎಸ್ ಕಂಪನಿಯ 5927 ಯುಎಸ್‌ಬಿಗೆ ಹಾಕುವಂಥದ್ದು, ಲ್ಯಾಪ್‌ಟಾಪ್‌ಗೂ ಸರಿ. ಡೆಸ್ಕ್‌ಟಾಪ್ ಇದ್ದರೆ ಅದೇ ಕಂಪನಿಯ 6902 ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ನಲ್ಲಿ ಎರಡು ಟ್ಯೂನರ್ ಇವೆ.

ಅಂಗಡಿಯಲ್ಲಿ "ಟಿವಿ ಟ್ಯೂನರ್ ಕೊಡಿ" ಅಂತ ಮಾತ್ರ ಕೇಳಬೇಡಿ. ನನಗೆ ಮೊದಲ ಸಲ ಒಬ್ಬರು ಕೊಟ್ಟದ್ದು ಹಳೆಯ ಅನಲಾಗ್ ಕಾರ್ಡ್, ಕೇಬಲ್ ಟಿವಿ ಕಾಲದ್ದು. ಡಬ್ಬಿ ಹೊಸದಿತ್ತು, ಆದರೆ ಅದು ಹಿಡಿಯುವ ಸಿಗ್ನಲ್ ಈಗ ನಮ್ಮ ಊರಲ್ಲಿ ಬರುವುದೇ ಇಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ. ಆ ದುಡ್ಡಿನ ಬೇಸರ ಇನ್ನೂ ಇದೆ. ಡಿವಿಬಿ-ಟಿ2 ಎಂದು ಮಾತ್ರ ಬರೆದಿರುವುದೂ ಇಲ್ಲಿ ಕೆಲಸಕ್ಕೆ ಬಾರದು, ಅದು ನೆಲದ ಟವರ್‌ನಿಂದ ಬರುವ ಪ್ರಸಾರಕ್ಕೆ.

ಇನ್ನೊಂದು ಮಾತು. ಟಿಬಿಎಸ್ ಡ್ರೈವರ್‌ ಅನ್ನು ನಾವೇ ಕಂಪೈಲ್ ಮಾಡಿ ಹಾಕಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದರೆ ಡ್ರೈವರ್ ಮಾಯ, ಟ್ಯೂನರ್ ಕಾಣುವುದಿಲ್ಲ. ಎಲ್ಲಾ ಸರಿ ಹೋದ ಮೇಲೆ ಕರ್ನಲ್ ಅಪ್‌ಡೇಟ್ ಮಾತ್ರ ತಡೆದಿಡಿ. ಬಿಡುವಿದ್ದ ದಿನ ಎರಡನ್ನೂ ಕೂಡಿಯೇ ಮಾಡಿ.

ಒಂದು ಟ್ಯೂನರ್ ಸಾಕಾ?

ಮೊದಲಿಗೆ ಸಾಕು. ಉಪಗ್ರಹದ ಒಂದೊಂದು ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ, ಬಸ್ಸಿನಲ್ಲಿ ಜನ ಬಂದ ಹಾಗೆ. ಅದಕ್ಕೆ ಮಕ್ಸ್ ಅನ್ನುತ್ತಾರೆ. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದು ಬಸ್ಸನ್ನು ಹಿಡಿಯುತ್ತದೆ, ಆ ಬಸ್ಸಿನಲ್ಲಿರುವ ಎಲ್ಲಾ ಚಾನೆಲ್‌ಗಳನ್ನೂ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಬೇರೆ ಬಸ್ಸಿನ ಚಾನೆಲ್ ಅದೇ ಹೊತ್ತಿಗೆ ಬೇಕಾದರೆ ಮಾತ್ರ ಎರಡನೇ ಟ್ಯೂನರ್ ಬೇಕು. ಎರಡು ಟ್ಯೂನರ್ ಹಾಕುವುದಾದರೆ ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ, ಎರಡು ಕೇಬಲ್ ಎಳೆಯಿರಿ. ಸಾದಾ ಸ್ಪ್ಲಿಟರ್ ಹಾಕಿದರೆ ಟ್ಯೂನರ್‌ಗಳು ಒಂದಕ್ಕೊಂದು ಜಗಳ ಆಡುತ್ತವೆ.

ಕಂಪ್ಯೂಟರ್ ಎಂಥದ್ದಿರಬೇಕು?

ರೆಕಾರ್ಡ್ ಮಾಡುವುದಕ್ಕೆ ಶಕ್ತಿಯೇ ಬೇಡ. ಬಂದ ಡೇಟಾವನ್ನು ಹಾಗೆಯೇ ಡಿಸ್ಕ್‌ಗೆ ಬರೆಯುವುದು ಅಷ್ಟೇ. ಶಕ್ತಿ ಬೇಕಾಗುವುದು ಮೊಬೈಲ್‌ಗೆ, ಬ್ರೌಸರ್‌ಗೆ ಕಳಿಸುವಾಗ. ಫ್ರೀ ಡಿಶ್‌ನ ಬಹಳ ಚಾನೆಲ್‌ಗಳು ಹಳೆಯ ಎಂಪೆಗ್-2 ರೂಪದಲ್ಲಿವೆ, ಬ್ರೌಸರ್‌ಗಳು ಅದನ್ನು ತೋರಿಸುವುದಿಲ್ಲ. ಆಗ ಸರ್ವರ್ ಅದನ್ನು ಆಗಿಂದಾಗಲೇ ಬೇರೆ ರೂಪಕ್ಕೆ ಬದಲಿಸಿ ಕಳಿಸಬೇಕು. ಇಂಟೆಲ್ ಚಿಪ್‌ಗಳಲ್ಲಿ 2011ರಿಂದ ಕ್ವಿಕ್ ಸಿಂಕ್ ಎಂಬ ಭಾಗ ಇದಕ್ಕೆಂದೇ ಇದೆ. ಐದಾರು ವರ್ಷ ಹಳೆಯ ಇಂಟೆಲ್ ಲ್ಯಾಪ್‌ಟಾಪ್, ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ, ಇಲ್ಲವೇ ಎನ್100 ಚಿಪ್‌ನ ಹೊಸ ಚಿಕ್ಕ ಪಿಸಿ ಆರಾಮಾಗಿ ಸಾಕು.

ರಾಸ್ಪ್‌ಬೆರಿ ಪೈ ಬಗ್ಗೆ ಎಲ್ಲರೂ ಕೇಳುತ್ತಾರೆ. ಬರೀ ರೆಕಾರ್ಡಿಂಗ್‌ಗೆ ಆಗುತ್ತದೆ. ಆದರೆ 2023ರಲ್ಲಿ ಬಂದ ಪೈ 5ರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಹೀಗೆ ರೂಪ ಬದಲಿಸಿ ಕೊಡುವ, ಹಾರ್ಡ್‌ವೇರ್ ಇಲ್ಲ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೇ ಮೇಲು, ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತೆಗೆಸಿಬಿಡಿ.

ಯಾವ ಸಾಫ್ಟ್‌ವೇರ್?

ನಾನು ಎರಡನ್ನು ಜೋಡಿಯಾಗಿ ಬಳಸುತ್ತೇನೆ, ಎರಡೂ ಉಚಿತ. ಟಿವಿಹೆಡ್‌ಎಂಡ್ ಡಿಶ್‌ನಿಂದ ಹಿಡಿದು ರೆಕಾರ್ಡ್ ಮಾಡುತ್ತದೆ. ಜೆಲ್ಲಿಫಿನ್ ಅದನ್ನು ಟಿವಿ, ಮೊಬೈಲ್‌ಗೆ ಚೆಂದವಾಗಿ ತೋರಿಸುತ್ತದೆ.

ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ಹಾಕಿ, ಟಿವಿಹೆಡ್‌ಎಂಡ್ ಇನ್‌ಸ್ಟಾಲ್ ಮಾಡಿ. ಬ್ರೌಸರ್‌ನಲ್ಲಿ ಸರ್ವರ್ ವಿಳಾಸದ ಕೊನೆಗೆ :9981 ಎಂದು ಪೋರ್ಟ್ ಸಂಖ್ಯೆ ಸೇರಿಸಿ ತೆರೆಯಿರಿ. ಅಡಾಪ್ಟರ್‌ನಲ್ಲಿ ಯುನಿವರ್ಸಲ್ ಎಲ್‌ಎನ್‌ಬಿ ಆರಿಸಿ, ಡಿವಿಬಿ-ಎಸ್ ನೆಟ್‌ವರ್ಕ್ ಒಂದನ್ನು ಸೇರಿಸಿ. ಫ್ರೀಕ್ವೆನ್ಸಿ, ಸಿಂಬಲ್ ರೇಟ್ ಎಲ್ಲಿಂದ ತರುವುದು ಎಂದು ಪರದಾಡಬೇಡಿ. ಯಾರದಾದರೂ ಮನೆಯ ಫ್ರೀ ಡಿಶ್ ಬಾಕ್ಸ್‌ನ ಟಿಪಿ (ಟ್ರಾನ್ಸ್‌ಪಾಂಡರ್) ಪಟ್ಟಿ ತೆರೆದು ಫೋಟೊ ಹೊಡೆದುಕೊಳ್ಳಿ. ಒಂದು ಮಕ್ಸ್ ಸರಿಯಾಗಿ ಸಿಕ್ಕರೆ ನೆಟ್‌ವರ್ಕ್ ಡಿಸ್ಕವರಿ ಉಳಿದವನ್ನೂ ಹುಡುಕಿ ತರಬಹುದು. ಸ್ಕ್ಯಾನ್ ಮುಗಿದ ಮೇಲೆ ಸರ್ವಿಸಸ್ ಪಟ್ಟಿಯಲ್ಲಿ ಎನ್‌ಕ್ರಿಪ್ಟೆಡ್ ಎಂದು ಬಂದವನ್ನು ಬಿಟ್ಟು, ಬೇಕಾದವನ್ನು ಮಾತ್ರ ಚಾನೆಲ್ ಮಾಡಿಕೊಳ್ಳಿ. ಸುಮ್ನೆ ಎಲ್ಲಾ ತುಂಬಿದರೆ ಅವ್ವನಿಗೆ ಚಂದನ ಹುಡುಕುವುದೇ ಕಷ್ಟ.

ಜೆಲ್ಲಿಫಿನ್ ಪೋರ್ಟ್ 8096. ಅದರ ಲೈವ್ ಟಿವಿ ವಿಭಾಗದಲ್ಲಿ ಟಿವಿಹೆಡ್‌ಎಂಡ್‌ನ ಪ್ಲೇಲಿಸ್ಟ್ ವಿಳಾಸ ಮತ್ತು ಕಾರ್ಯಕ್ರಮ ಪಟ್ಟಿಯ ವಿಳಾಸ ಕೊಡಬೇಕು. ಹೆಸರು, ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡದಿದ್ದರೆ ಟಿವಿಹೆಡ್‌ಎಂಡ್‌ನ ಲಾಗಿನ್ ವಿಧಾನವನ್ನು ಪ್ಲೇನ್, ಡೈಜೆಸ್ಟ್ ಎರಡೂ ಎಂದು ಬದಲಿಸಿ. ನೂರಕ್ಕೆ ತೊಂಬತ್ತು ಜನ ಸಿಕ್ಕಿಕೊಳ್ಳುವುದು ಇಲ್ಲೇ. ಟಿವಿಗೆ ಕೋಡಿ ಎಂಬ ಪ್ಲೇಯರ್ ಆ್ಯಪ್ ಹಾಕಿಕೊಂಡರೆ ಜೆಲ್ಲಿಫಿನ್ ಇಲ್ಲದೆಯೂ ನೇರವಾಗಿ ನೋಡಬಹುದು.

ಕೈ ಬೀಸಿದಾಗ ಚಿತ್ರದಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ ಬರುತ್ತವೆ. ಯಾಕೆ?

ಹಳೆಯ ರೂಪದ ಪ್ರಸಾರದಲ್ಲಿ ಒಂದು ಚಿತ್ರವನ್ನು ಎರಡು ಅರ್ಧ ಮಾಡಿ, ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಕಳಿಸುತ್ತಾರೆ. ತಬಲಾ ಬಾರಿಸುವವರ ಬೆರಳು ವೇಗವಾಗಿ ಓಡಿದಾಗ ಆ ಎರಡು ಅರ್ಧಗಳು ಹೊಂದುವುದಿಲ್ಲ. ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಹೋಗುತ್ತದೆ.

ಕಾರ್ಯಕ್ರಮದ ಕೊನೆ ಕತ್ತರಿಸಿ ಹೋಗುತ್ತದೆ. ಏನು ಮಾಡಲಿ?

ಪಟ್ಟಿಯಲ್ಲಿ ಇರುವ ಸಮಯಕ್ಕೇ ಎಲ್ಲಾ ಶುರುವಾಗುವುದಿಲ್ಲ. ಶುರುವಿಗೆ ಮೊದಲು 5 ನಿಮಿಷ, ಮುಗಿದ ಮೇಲೆ 15 ನಿಮಿಷ ಜಾಸ್ತಿ ಇಡಿ. ಸಂಗೀತ ಕಛೇರಿಗೆ ನಾನು ಮುಗಿದ ಮೇಲೆ 30 ನಿಮಿಷ ಇಡುತ್ತೇನೆ. ಭೈರವಿ ರಾಗ ಕೊನೆಗೆ ಬರುತ್ತದೆ, ಅದೇ ತಪ್ಪಿದರೆ ಹೇಗೆ?

ಪಟ್ಟಿಯೇ ಖಾಲಿ ಇದ್ದರೆ ಹೆಸರಿನ ಬದಲು ವಾರ ಮತ್ತು ಗಂಟೆ ಹೇಳಿ ರೆಕಾರ್ಡ್ ಮಾಡಿಸಿ.

ಹಾರ್ಡ್ ಡಿಸ್ಕ್ ಎಷ್ಟು ಬೇಕು?

ಲೆಕ್ಕ ಸುಲಭ. ಚಾನೆಲ್‌ನ ವೇಗ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಇದೆಯೋ ಅದನ್ನು 0.45ರಿಂದ ಗುಣಿಸಿ, ಗಂಟೆಗೆ ಅಷ್ಟು ಜಿಬಿ. 3 ಮೆಗಾಬಿಟ್ ಚಾನೆಲ್ ಆದರೆ ಗಂಟೆಗೆ 1.35 ಜಿಬಿ. 1 ಟಿಬಿ ಡಿಸ್ಕ್‌ನಲ್ಲಿ 700 ಗಂಟೆಗೂ ಮೇಲೆ ಹಿಡಿಯುತ್ತದೆ. ಸಿಸಿಟಿವಿ ಅಂಗಡಿಯಲ್ಲಿ ಡಿವಿಆರ್‌ಗೆ ಹಾಕುವ ಡಿಸ್ಕ್ ಕೇಳಿ. ಅವನ್ನು ಇಡೀ ದಿನ ಬರೆಯುವುದಕ್ಕೆಂದೇ ಮಾಡಿರುತ್ತಾರೆ. ಮತ್ತೆ ಸಿಗದ ರೆಕಾರ್ಡಿಂಗ್‌ಗಳನ್ನು ಇನ್ನೊಂದು ಡಿಸ್ಕ್‌ಗೂ ಕಾಪಿ ಮಾಡಿಡಿ. ಡಿಸ್ಕ್ ಒಂದು ದಿನ ಕೈ ಕೊಡುವುದು ಖಂಡಿತ.

ನಡುವೆ ಕರೆಂಟ್ ಹೋದರೆ?

ಮನೆಯಲ್ಲಿ ಇನ್ವರ್ಟರ್ ಇದ್ದರೂ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಫ್ಯಾನು, ಲೈಟಿಗೆ ತಿಳಿಯದಷ್ಟು ಚಿಕ್ಕ ಅಂತರ ಕಂಪ್ಯೂಟರಿಗೆ ತಿಳಿಯುತ್ತದೆ. ಬಹಳ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಮೊದಲು ಅದನ್ನು ನೋಡಿ. ರೂಟರ್ ಮತ್ತು ಟ್ಯೂನರ್‌ನ ಅಡಾಪ್ಟರ್ ಎರಡನ್ನೂ ಇನ್ವರ್ಟರ್ ಲೈನಿಗೇ ಹಾಕಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿದೆ, ಟ್ಯೂನರ್ ಮಾತ್ರ ಸತ್ತಿದೆ ಎನ್ನುವ ಪರಿಸ್ಥಿತಿ ನಮ್ಮಲ್ಲಿ ತಿಂಗಳುಗಟ್ಟಲೆ ಇತ್ತು.

ಡೆಸ್ಕ್‌ಟಾಪ್, ಮಿನಿ ಪಿಸಿ ಆದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುವಂತೆ ಇಡಿ. ಟಿವಿಹೆಡ್‌ಎಂಡ್‌ನಲ್ಲಿ ರೆಕಾರ್ಡಿಂಗ್ ಅನ್ನು ಪಾಸ್ ಪ್ರೊಫೈಲ್‌ನಲ್ಲಿ (ಬಂದದ್ದನ್ನು ಹಾಗೆಯೇ ಬರೆಯುವುದು), ಟಿಎಸ್ ಫೈಲ್ ಆಗಿ ಇಡಿ. ಅರ್ಧಕ್ಕೆ ನಿಂತರೂ ಅಲ್ಲಿವರೆಗಿನದು ಸರಿಯಾಗಿ ಓಡುತ್ತದೆ.

ಕರೆಂಟ್ ಬಿಲ್?

15 ವ್ಯಾಟ್‌ನ ಚಿಕ್ಕ ಪಿಸಿ ತಿಂಗಳಿಡೀ ಓಡಿದರೆ ಸುಮಾರು 11 ಯೂನಿಟ್. 70 ವ್ಯಾಟ್‌ನ ಹಳೆಯ ಡೆಸ್ಕ್‌ಟಾಪ್ ಆದರೆ 50 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮಿತಿಯ ಹತ್ತಿರ ಇದ್ದರೆ ಈ ವ್ಯತ್ಯಾಸ ದೊಡ್ಡದು.

ಬೆಂಗಳೂರಲ್ಲಿರುವ ಮಗಳು ನೋಡಬಹುದಾ?

ಮನೆಯವರೇ ಆದ್ದರಿಂದ ನಾನು ತಂಗಿಗೆ ಕೊಟ್ಟಿದ್ದೇನೆ. ಬೇರೆಯವರಿಗೆ ಕೊಡುವುದಿಲ್ಲ. ರೂಟರ್‌ನಲ್ಲಿ 9981, 8096 ಪೋರ್ಟ್ ತೆರೆದು ಇಡೀ ಜಗತ್ತಿಗೆ ಬಾಗಿಲು ಬಿಡಬೇಡಿ. ಎಷ್ಟೋ ಮನೆ ಇಂಟರ್‌ನೆಟ್‌ಗಳಿಗೆ ಸ್ವಂತ ಹೊರ ವಿಳಾಸವೇ ಇರುವುದಿಲ್ಲ, ತೆರೆದರೂ ಫಲವಿಲ್ಲ. ನಿಮ್ಮ ಸಾಧನಗಳನ್ನು ಮಾತ್ರ ಇಂಟರ್‌ನೆಟ್ ಮೇಲೆ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಅನ್ನು ಸರ್ವರ್‌ಗೂ ಅವರ ಮೊಬೈಲ್‌ಗೂ ಹಾಕಿ. ಹತ್ತು ನಿಮಿಷದ ಕೆಲಸ. ನೋಡಬೇಕಾದ್ದು ನಿಮ್ಮ ಮನೆಯ ಅಪ್‌ಲೋಡ್ ವೇಗ. ಒಬ್ಬರಿಗೆ 3 ಮೆಗಾಬಿಟ್ ನಿರಂತರ ಸಿಗಬೇಕು.

ಮನೆಯೊಳಗೇ ನಿಂತು ನಿಂತು ಬರುತ್ತದೆ.

ವೈಫೈ ಬಿಟ್ಟು ಸರ್ವರ್‌ನಿಂದ ರೂಟರ್‌ಗೆ ವೈರ್ ಎಳೆಯಿರಿ.

ಧಾರವಾಡ ಆಕಾಶವಾಣಿಯನ್ನೂ ರೆಕಾರ್ಡ್ ಮಾಡಬಹುದಾ?

ಮಾಡಬಹುದು, ಆದರೆ ದಾರಿ ಬೇರೆ. 1950ರ ಜನವರಿ 8ರಿಂದ ನಡೆದಿರುವ ನಿಲಯ ಅದು, ಮಧ್ಯಮ ತರಂಗದ 765 ಕಿಲೋಹರ್ಟ್ಸ್ ಇಲ್ಲಿನ ಎಷ್ಟೋ ಮನೆಗಳಿಗೆ ಬಾಯಿಪಾಠ. ಮಧ್ಯಮ ತರಂಗ ಹಿಡಿಯುವ ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಹಾಕುವ ರೇಡಿಯೊ ರಿಸೀವರ್) ಒಂದನ್ನು ಸರ್ವರ್‌ಗೆ ಹಾಕಿ, ಕಿಟಕಿಯ ಹೊರಗೆ ಉದ್ದ ತಂತಿ ಕಟ್ಟಿದರೆ ಸಿಗುತ್ತದೆ. ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗುಂಯ್ ಸದ್ದು ಸೇರದಂತೆ ತಂತಿಯನ್ನು ಆದಷ್ಟು ದೂರ ಒಯ್ಯಿರಿ.

ಮಾರ್ಚ್‌ನಲ್ಲಿ ಬಿಸಿಲಿದ್ದರೂ ಬೆಳಿಗ್ಗೆ 11ರ ಸುಮಾರಿಗೆ ಚಿತ್ರ ಹೋಗುತ್ತದೆ. ಏನು ಕೆಟ್ಟಿದೆ?

ಏನೂ ಕೆಟ್ಟಿಲ್ಲ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಸೂರ್ಯ ಆ ಹೊತ್ತಿಗೆ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಡಿಶ್‌ಗೆ ಸೂರ್ಯನ ಸದ್ದೇ ಜಾಸ್ತಿ ಕೇಳಿಸುತ್ತದೆ. ಕೆಲವೇ ನಿಮಿಷ, ತಾನೇ ಸರಿಹೋಗುತ್ತದೆ. ಡಿಶ್ ಮುಟ್ಟಬೇಡಿ.

ಏಪ್ರಿಲ್ ಆದ ಮೇಲೆ ಕೆಲವು ಚಾನೆಲ್ ಕಾಣುತ್ತಿಲ್ಲ.

ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಾಗುತ್ತದೆ, ಹೊಸ ವರ್ಷದ ಲೆಕ್ಕ ಏಪ್ರಿಲ್‌ನಿಂದ ಶುರು. 2022ರ ಏಪ್ರಿಲ್‌ನಲ್ಲಿ ದೊಡ್ಡ ಕಂಪನಿಗಳ ಹಲವು ಹಿಂದಿ ಮನರಂಜನಾ ಚಾನೆಲ್‌ಗಳು ಒಟ್ಟಿಗೇ ಹೊರಹೋದವು. ಎಲ್ಲಾ ಮಕ್ಸ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡಿ, ಹೊಸ ಸರ್ವಿಸ್‌ಗಳನ್ನು ಚಾನೆಲ್‌ಗೆ ಜೋಡಿಸಿ, ಹಳೆಯ ಸತ್ತ ಸಾಲುಗಳನ್ನು ಅಳಿಸಿ. ಆಮೇಲೆ ವಾರದ ರೆಕಾರ್ಡಿಂಗ್ ನಿಯಮಗಳನ್ನು ಒಂದೊಂದಾಗಿ ತೆರೆದು, ಅವು ಇನ್ನೂ ಸರಿಯಾದ ಚಾನೆಲ್‌ಗೇ ಅಂಟಿಕೊಂಡಿವೆಯಾ ನೋಡಿ. ಸ್ಕ್ಯಾನ್ ಮಾಡಿ ಇದನ್ನು ಮರೆತರೆ ಮುಂದಿನ ಭಾನುವಾರ ಫೋಲ್ಡರ್ ಖಾಲಿ ಇರುತ್ತದೆ.